ಮಗ್ಗದ ಕನ್ನಡಿ, ಬೋರಿನ ಕ್ಯಾಮೆರಾ

ಆ ದಿನ ನಳ ಬಂದಿತ್ತು.

ಗದಗಿನ ಬೆಟಗೇರಿಯ ನಮ್ಮ ಓಣಿಯಲ್ಲಿ ನಳ ಬಂದ ದಿನ ಬೇರೆ ಯಾವ ಕೆಲಸವೂ ನಡೆಯುವುದಿಲ್ಲ. ಹಂಡೆ, ಕೊಡ, ಬಕೆಟ್ಟು, ಕಡೆಗೆ ಹಿಟ್ಟು ನಾದುವ ಪರಾತವನ್ನೂ ತುಂಬಿಸಿ ಇಡುತ್ತೇವೆ. ಮತ್ತೆ ಯಾವಾಗ ಬರುತ್ತದೆಂದು ಯಾರೂ ಖಾತ್ರಿ ಹೇಳಲಾರರು. ನಾನು ಪುಸ್ತಕದ ಬೈಂಡಿಂಗ್ ಕೆಲಸಕ್ಕೆ ರಜೆ ಹೇಳಿ ಕಳಿಸಿದ್ದೆ. ಅಣ್ಣನೂ ತನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯ ಬಾಗಿಲು ತೆರೆದಿರಲಿಲ್ಲ. ಅವನು ಮನೆಯಲ್ಲಿ ಉಳಿದದ್ದು ನೀರು ತುಂಬಲಿಕ್ಕಲ್ಲ. ಹಿತ್ತಲಿನ ದೊಡ್ಡ ಬ್ಯಾರೆಲ್ ತುಂಬಿದ ಕೂಡಲೇ ಅದರಲ್ಲಿ ತನ್ನ ಕೊಳವೆಯನ್ನು ಮುಳುಗಿಸಿ, ನೀರು ಒಳಗೆ ಹೋಗುತ್ತದೆಯೋ ಇಲ್ಲವೋ ನೋಡಬೇಕಿತ್ತು.

ಕೊಳವೆ ಎಂದರೆ ಪೆರಿಸ್ಕೋಪು. ಅಣ್ಣ ಒಬ್ಬರು ಕೂರುವಷ್ಟು ಸಣ್ಣ ಜಲಾಂತರ್ಗಾಮಿ ಮಾಡುತ್ತಿದ್ದ. ಜಲಾಂತರ್ಗಾಮಿ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಅದಕ್ಕೆ ಟ್ಯಾಂಕು ಎನ್ನುತ್ತಿದ್ದೆವು. ಅದು ನಿಜವಾಗಿ ಹಳೆಯ ಡೀಸೆಲ್ ಟ್ಯಾಂಕೇ ಆಗಿತ್ತು. ಓಣಿಯ ತುದಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಚಾಚಾ ಅದನ್ನು ತಂದುಕೊಟ್ಟು, ಮೇಲೆ ಮನುಷ್ಯ ಇಳಿಯುವಷ್ಟು ಬಾಯಿ ಕೊರೆದು, ಮುಚ್ಚಳ ಕೂರಿಸಿದ್ದರು. ಅವರು ನಮ್ಮ ಅಪ್ಪನ ಗೆಳೆಯರು. ಅಪ್ಪನ ಮಗ್ಗದ ಕಬ್ಬಿಣದ ಸಾಮಾನೆಲ್ಲ ಅವರ ಕೈಯಿಂದಲೇ ಆದದ್ದು.

"ಕುಡಿಯಾಕ ನೀರಿಲ್ಲ ಊರಾಗ. ಇಂವ ಮುಳುಗಾಕ ಹಡಗ ಮಾಡ್ಯಾನ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. "ನಳಾ ಬಂದ ದಿನಾ ಗಟಾರದಾಗ ಬಿಡತೀಯೇನಲೇ ತಮ್ಮಾ?"

ಅಣ್ಣ ನಗುತ್ತಿದ್ದ.

ಅಪ್ಪ ಇರುವವರೆಗೆ ನಮ್ಮ ಮನೆಯಲ್ಲಿ ಮಗ್ಗ ನಡೆಯಿತು. ಅಪ್ಪನೂ ಅವ್ವನೂ ಹೋದ ಮೇಲೆ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಕಾಲು ಇಳಿಬಿಟ್ಟು ಕೂರುವ ಕುಣಿ ಮಾತ್ರ ನೆಲದಲ್ಲಿ ಹಾಗೆಯೇ ಉಳಿಯಿತು. ಅಣ್ಣ ಮೋಟಾರ್ ಸುತ್ತುವುದನ್ನು ಕಲಿತ. ತಾಮ್ರದ ತಂತಿ ಸುತ್ತುವುದಕ್ಕೂ ನೂಲು ಸುತ್ತುವುದಕ್ಕೂ ಕೈ ಒಂದೇ ಎನ್ನುತ್ತಿದ್ದ. ಆಮೇಲೆ ಹುಬ್ಬಳ್ಳಿಯಿಂದ ಯಾರೋ ಬಳಸಿ ಬಿಟ್ಟ ಬೋರ್ ಕ್ಯಾಮೆರಾ ತಂದ. ಮೊಣಕೈ ಉದ್ದದ ಉಕ್ಕಿನ ಉರುಳೆ, ತುದಿಯಲ್ಲಿ ದಪ್ಪ ಗಾಜು, ಗಾಜಿನ ಸುತ್ತ ಸಣ್ಣ ದೀಪಗಳು. ಅದನ್ನು ಕೇಬಲ್ಲಿಗೆ ಕಟ್ಟಿ ಕೊಳವೆಬಾವಿಗೆ ಇಳಿಬಿಟ್ಟರೆ, ಮೇಲೆ ಸಣ್ಣ ಕಪ್ಪು ಬಿಳುಪು ಟಿ.ವಿ.ಯಲ್ಲಿ ನೆಲದ ಒಳಗು ಕಾಣುತ್ತಿತ್ತು. ಕಲ್ಲು ಎಲ್ಲಿ ಸೀಳಿದೆ, ಮೋಟಾರು ಎಲ್ಲಿ ಸಿಕ್ಕಿಕೊಂಡಿದೆ, ನೀರಿನ ಸೆಲೆ ಯಾವ ಆಳದಲ್ಲಿ ಬೋರಿಗೆ ಬೀಳುತ್ತಿದೆ, ಎಲ್ಲ ಗೊತ್ತಾಗುತ್ತಿತ್ತು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಈ ಕಡೆ ಕುರ್ತಕೋಟಿ, ಎಲ್ಲ ಕಡೆಯಿಂದ ಅವನಿಗೆ ಕರೆ ಬರುತ್ತಿತ್ತು. ಕ್ಯಾಮೆರಾವನ್ನು ಹಳೆಯ ಪಂಜೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದ. ಕೇಬಲ್ ಸುತ್ತಿದ ಕಟ್ಟಿಗೆಯ ಚಕ್ರ ಮತ್ತು ಮುಕ್ಕಾಲಿ ಬಸ್ಸಿನ ಮೇಲೆ.

ಒಂದು ಸಲ ಹಾಗೆ ಹೋಗಿ ಬಂದು ಊಟಕ್ಕೆ ಕುಳಿತವನು ಹೇಳಿದ: "ಕ್ಯಾಮೆರಾ ಒಳಗ ಹೊಕ್ಕೈತಿ, ಎಲ್ಲಾ ನೋಡಿ ಬರತೈತಿ. ನಾ ಮ್ಯಾಲ ಬಿಸಲಾಗ ಕುಂತು ಟಿ.ವಿ. ನೋಡತೇನಿ. ಒಮ್ಮೆರ ನಾನೂ ನೀರಿನ ಒಳಗ ಕುಂಡ್ರಬೇಕಲಾ ತಂಗಿ."

"ಕುಂತು?"

"ಕುಂತು ಏನಿಲ್ಲ. ಕುಂಡ್ರೂದು."

ಟ್ಯಾಂಕಿನ ಕೆಲಸ ಶುರುವಾದದ್ದು ಅಲ್ಲಿಂದ. ಎಲ್ಲಿ ಇಳಿಸುವುದು ಎಂದು ನೋಡಲು ನಾವಿಬ್ಬರೂ ಮುಂಡರಗಿಗೆ ಹೋಗಿ, ಅಲ್ಲಿಂದ ಟೆಂಪೊ ಹಿಡಿದು ತುಂಗಭದ್ರೆಯ ದಂಡೆಗೆ ಹೋದೆವು. ಹೊಳೆ ಅಗಲವಾಗಿ, ಕದಲದೆ ನಿಂತಿತ್ತು. ಹರಿಗೋಲು ಬೋರಲು ಹಾಕಿ ಡಾಂಬರು ಹಚ್ಚುತ್ತಿದ್ದ ಮೀನುಗಾರನೊಬ್ಬ ಅಣ್ಣನ ಮಾತನ್ನೆಲ್ಲ ಕೇಳಿದ.

"ಒಳಗ ಏನ್ ನೋಡಾವ್ರೀ?" ಎಂದ. "ನಾ ಹುಟ್ಟಿದಾಗಿಂದ ಇದರಾಗ ಮುಳುಗತೇನಿ. ಕಣ್ಣ ತಗದ್ರೂ ಅಷ್ಟ, ಮುಚ್ಚಿದ್ರೂ ಅಷ್ಟ. ಎಲ್ಲಾ ಕೆಂಪ ರಾಡಿ."

ಅಣ್ಣ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದ. ಅಂಗೈಯ ಗೆರೆಗಳು ಕಾಣಿಸಲಿಲ್ಲ. ನೀರನ್ನು ಹೊಳೆಗೇ ಬಿಟ್ಟ. ವಾಪಸು ಬರುವಾಗ ಟೆಂಪೊದಲ್ಲಿ ಹೇಳಿದ, ಒಳಗೆ ಏನೂ ಕಾಣುವುದಿಲ್ಲ ಅಂದ ಮೇಲೆ ಹೊರಗೆ ನೋಡಲಿಕ್ಕೆ ಒಂದು ಕಣ್ಣು ಬೇಕು, ಇಲ್ಲದಿದ್ದರೆ ದಂಡೆ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಟ್ಯಾಂಕು ನೀರಿನ ಕೆಳಗೆ ಇರಬೇಕು, ಕೊಳವೆಯ ತಲೆ ಮಾತ್ರ ನೀರಿನ ಮೇಲೆ. ಕ್ಯಾಮೆರಾ ಮನೆಯಲ್ಲೇ ಇತ್ತು.

ಆದರೆ ಬೋರ್ ಕ್ಯಾಮೆರಾ ತನ್ನ ಮೂಗಿನ ನೇರಕ್ಕೆ ಮಾತ್ರ ನೋಡುತ್ತದೆ. ಕೊಳವೆಯೊಳಗೆ ನಿಲ್ಲಿಸಿದರೆ ಬರೀ ಆಕಾಶ ಕಾಣುತ್ತಿತ್ತು. ಅಡ್ಡ ಇಡೋಣವೆಂದರೆ ಅಷ್ಟು ಉದ್ದದ್ದು ಕೊಳವೆಯಲ್ಲಿ ಹಿಡಿಸುವುದಿಲ್ಲ. ಅಣ್ಣ ಅಟ್ಟ ಹತ್ತಿ ಮಗ್ಗದ ಸಾಮಾನಿನಲ್ಲಿ ಹುಡುಕಿ ಅಪ್ಪನ ಕನ್ನಡಿ ತಂದ. ಅಂಗೈ ಅಗಲದ ಚೌಕ ಕನ್ನಡಿ. ಅದನ್ನು ಕೊಳವೆಯ ತುದಿಯಲ್ಲಿ ಓರೆಯಾಗಿ ಕೂರಿಸಿ, ಮುಂದೆ ಕಿಟಕಿ ಕೊರೆದು ಗಾಜು ಅಂಟಿಸಿದ. ಕೆಳಗಿನಿಂದ ಕ್ಯಾಮೆರಾ ಮೇಲೆ ನೋಡುತ್ತದೆ, ಕನ್ನಡಿ ಅದರ ನೋಟವನ್ನು ಪಕ್ಕಕ್ಕೆ ತಿರುಗಿಸುತ್ತದೆ.

ಮೊದಲು ಕನ್ನಡಿಯ ತಲೆಯನ್ನಷ್ಟೇ ತಿರುಗಿಸುವಂತೆ ಮಾಡಿದ್ದ. ತಿರುಗಿಸಿದ ಹಾಗೆ ಟಿ.ವಿ.ಯಲ್ಲಿ ಓಣಿ ಒರಗುತ್ತ ಹೋಗಿ, ಎದುರಿನ ಗೋಡೆ ಮಲಗಿಬಿಟ್ಟಿತು. ಅದನ್ನು ಬಿಚ್ಚಿ, ಕ್ಯಾಮೆರಾ ಮತ್ತು ಕನ್ನಡಿ ಎರಡನ್ನೂ ಕೊಳವೆಗೆ ಬಿಗಿದು, ಇಡೀ ಕೊಳವೆಯೇ ತಿರುಗುವಂತೆ ಮಾಡಿದ. ಆಗ ಚಿತ್ರ ನೆಟ್ಟಗೆ ನಿಂತಿತು. ತಿರುಗುವ ಕೊಳವೆ ಟ್ಯಾಂಕಿನ ನೆತ್ತಿಯನ್ನು ಹಾಯುವಲ್ಲಿ ನೀರು ಸೋರಬಾರದು. ಪಂಪಿನಲ್ಲಿ ದಂಡ ತಿರುಗುವ ಗ್ಲ್ಯಾಂಡಿಗೆ ಸುತ್ತುವ ಹಾಗೆ ಅಲ್ಲಿ ಗ್ರೀಸ್ ಹಚ್ಚಿದ ಹಗ್ಗ ಸುತ್ತಬೇಕಿತ್ತು. ಅಂಗಡಿಯ ಹಗ್ಗ ಬೇಡವೆಂದ. ಅಟ್ಟದಲ್ಲಿ ಉಳಿದಿದ್ದ ಹತ್ತಿ ನೂಲಿನ ಲಡಿ ಬಿಚ್ಚಿ, ನಾನೇ ಹೆಣೆದುಕೊಟ್ಟೆ. ಜಡೆ ಹಾಕಿದ ಹಾಗೆ, ಬಿಗಿಯಾಗಿ.

ನಳ ಬಂದ ದಿನ ಪರೀಕ್ಷೆಯಾದದ್ದು ಆ ಗಾಜಿನದು, ಆ ಹಗ್ಗದ್ದು. ಚಾಚಾ ಟ್ಯಾಂಕಿನ ನೆತ್ತಿಗೆ ಹಾಕಬೇಕಾದಂಥದ್ದೇ ಇನ್ನೊಂದು ಕುತ್ತಿಗೆ ಮಾಡಿಕೊಟ್ಟಿದ್ದರು. ಅದರಲ್ಲಿ ಕೊಳವೆ ತೂರಿಸಿ ಬ್ಯಾರೆಲ್ಲಿನಲ್ಲಿ ಮುಳುಗಿಸಿ, ಅಣ್ಣ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದ. ಹೊರಗೆ ತೆಗೆದು ಒಳಗೆ ಕೈ ಹಾಕಿ ನೋಡಿದ. ಒಣಗೇ ಇತ್ತು. ನನ್ನ ಕೈಗೂ ಮುಟ್ಟಿಸಿದ.

ಬ್ಯಾರೆಲ್ಲಿನ ನೀರಿಗೆ ಗ್ರೀಸಿನ ಬಣ್ಣ ಬಂದಿತ್ತು. ಬಟ್ಟೆ ಒಗೆಯಲೂ ಬರದ ಹಾಗಾಯಿತೆಂದು ನಾನು ಬೈದೆ.

ಮಧ್ಯಾಹ್ನ ಊಟವಾದ ಮೇಲೆ ಕೊಳವೆಯನ್ನು ಮಾಳಿಗೆಯ ಬೆಳಕಿಂಡಿಯಿಂದ ಮೇಲಕ್ಕೆ ತೂರಿಸಿದೆವು. ತಲೆ ಮಾಳಿಗೆಯ ಮೇಲೆ, ಬುಡ ಮಗ್ಗದ ಕೋಣೆಯಲ್ಲಿ, ಸರಿಯಾಗಿ ಕುಣಿಯ ಮೇಲೆ. ಅಣ್ಣ ಕುಣಿಯಲ್ಲಿ ಇಳಿದು ಕುಳಿತ. ಟಿ.ವಿ.ಯನ್ನು ನೆಲದ ಅಂಚಿಗೆ ಇಟ್ಟುಕೊಂಡ. ಟ್ಯಾಂಕಿನೊಳಗಿನ ಆಸನವನ್ನೂ ಅವನು ಆ ಕುಣಿಯ ಅಳತೆಗೇ ಮಾಡಿಸಿದ್ದ. ಸೊಂಟದ ತನಕ ನೆಲದೊಳಗೆ ಇರುವುದು ನಮಗೆ ಚಿಕ್ಕಂದಿನಿಂದ ರೂಢಿ.

ಟಿ.ವಿ.ಯಲ್ಲಿ ನಮ್ಮ ಓಣಿ ಬಂತು. ತುಂಬಿದ ಕೊಡಗಳ ಸಾಲು ಕಾಣಿಸಿತು. ಎದುರಿನ ಕಿರಾಣಿ ಅಂಗಡಿ ಕಾಣಿಸಿತು. ಒಂದು ಎಮ್ಮೆ ಹೋಯಿತು. ಅಣ್ಣ ಕೊಳವೆ ತಿರುಗಿಸಿದ, ಓಣಿಯೂ ತಿರುಗಿತು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಏನೂ ತಪ್ಪು ಕಾಣಲಿಲ್ಲ.

"ಸೀದಾ ಬಂತಲಾ?" ಎಂದ.

"ಸೀದಾ ಐತಿ" ಎಂದೆ.

ಅಷ್ಟರಲ್ಲಿ ಚಾಚಾ ಬಂದರು. ಚಪ್ಪಲಿ ಬಿಟ್ಟು, ಬಗ್ಗಿ, ಕನ್ನಡಕ ಮೇಲೆ ಮಾಡಿ ಟಿ.ವಿ. ನೋಡಿದರು. ಎದುರಿನ ಅಂಗಡಿಯ ಬೋರ್ಡು ಅದರಲ್ಲಿತ್ತು. ಗದಗ ಬೇರೆ ಜಿಲ್ಲೆಯಾಗಿ ಎಷ್ಟೋ ದಿನವಾಗಿದ್ದರೂ ಆ ಬೋರ್ಡಿನಲ್ಲಿ ಇನ್ನೂ ಜಿಲ್ಲಾ ಧಾರವಾಡ ಎಂದೇ ಇತ್ತು.

"ಇದೇನಲೇ ತಮ್ಮಾ," ಎಂದರು ಚಾಚಾ, "ಕಿರಾಣಿ ಅಂಗಡಿ ಬೋರ್ಡು ಉರ್ದು ಆಗೇತಿ? ಬಲಗಡಿಯಿಂದ ಓದಬೇಕಾಗೇತಲಾ!"

ನಾವಿಬ್ಬರೂ ಮತ್ತೆ ನೋಡಿದೆವು. ಅಕ್ಷರಗಳೆಲ್ಲ ತಿರುಗಿದ್ದವು. ಎಡಕ್ಕೆ ಹೋದ ಎಮ್ಮೆ ಟಿ.ವಿ.ಯಲ್ಲಿ ಬಲಕ್ಕೆ ಹೋಗಿತ್ತು. ನಮ್ಮ ಬಾಗಿಲೆದುರಿನ ಆ ಅಂಗಡಿಯನ್ನು ಹುಟ್ಟಿದಾಗಿನಿಂದ ನೋಡಿದವರಿಗೆ ಅದು ತಿಳಿದಿರಲಿಲ್ಲ.

ನಮಗೆ ತಿಳಿಯದಿದ್ದುದಕ್ಕೆ ಕಾರಣವೂ ಆ ಕನ್ನಡಿಯೇ. ಅಪ್ಪ ನೇಯುವಾಗ ಸೀರೆಯ ಒಳಮೈ ಮೇಲೆ ಇರುತ್ತಿತ್ತು, ಹೊರಮೈ ಕೆಳಗೆ. ಬುಟ್ಟಾ, ಸೆರಗಿನ ಬಣ್ಣ ಸರಿಯಾಗಿ ಬಿದ್ದಿದೆಯೋ ನೋಡಲು ಮಗ್ಗದ ಕೆಳಗೆ ಕನ್ನಡಿ ಹಿಡಿಯಬೇಕಿತ್ತು. ಹಿಡಿಯುವ ಕೆಲಸ ನಮ್ಮಿಬ್ಬರದು. ಕಣ್ಣಿಗೆ ನೇರವಾಗಿ ಕಾಣುವ ಮಗ್ಗಲಿಗೆ ನಮ್ಮ ಮನೆಯಲ್ಲಿ ಉಲ್ಟಾ ಎನ್ನುತ್ತಿದ್ದೆವು. ಕನ್ನಡಿಯಲ್ಲಿ ಕಂಡದ್ದಕ್ಕೆ ಸೀದಾ. ಶಾಲೆಗೆ ಹೋದ ಹೊಸದರಲ್ಲಿ ಅಣ್ಣ ಪಾಟಿಯ ಮೇಲೆ ಅಕ್ಷರಗಳನ್ನು ತಿರುಗಿಸಿ ಬರೆದು ಹೊಡೆತ ತಿಂದಿದ್ದನಂತೆ. ಅವ್ವ ಹೇಳುತ್ತಿದ್ದಳು.

ಇದನ್ನೆಲ್ಲ ಅಣ್ಣ ಚಾಚಾಗೆ ಹೇಳಿದ. ಚಾಚಾ ನಕ್ಕು ನಕ್ಕು ಗೋಡೆ ಹಿಡಿದು ಕುಳಿತರು.

"ಜಗತ್ತೆಲ್ಲಾ ಒಂದ ಕಡೆ, ನೇಕಾರ ಮಕ್ಕಳು ಒಂದ ಕಡೆ" ಎಂದರು. "ಇನ್ನೊಂದ ಕನ್ನಡಿ ಹಾಕಲೇ. ಎರಡ ಸಲ ತಿರುಗಿದ್ರ ಸರಿ ಬರತೈತಿ."

"ಯಾಕ ಹಾಕಬೇಕ್ರಿ? ಒಳಗ ಕುಂಡ್ರಾವ ನಾನು. ನನಗ ಸೀದಾನ ಕಾಣತೈತಿ."

"ಕಾಣತೈತಿ. ದಂಡಿ ಎಡಕ್ಕ ಐತಿ ಅಂತ ಎಡಕ್ಕ ತಿರುವಿ, ಬಂಡೆಗಲ್ಲಿಗೆ ಹೋಗಿ ಡಿಕ್ಕಿ ಹೊಡಿ. ಆಮ್ಯಾಗ ಮೀನುಗೋಳಿಗೆ ಹೇಳು, ನನಗ ಸೀದಾ ಕಂಡಿತ್ತು ಅಂತ."

ನಾನು ಚಹಾ ಮಾಡಿದೆ. ಅವರಿಬ್ಬರೂ ಎಡ ಬಲ ಎಂದು ವಾದ ಮಾಡುತ್ತ ಕುಡಿದರು. ಚಾಚಾ ಹೋಗುವಾಗ ಅಣ್ಣ, "ಆತ್ರಿ, ನಾಳಿ ಲಕ್ಷ್ಮೇಶ್ವರಕ್ಕ ಹೋಗಿ ಬರತೇನಿ, ಬಂದು ಎರಡನೇದ್ದು ಹಾಕೂಣು" ಎಂದ. ಸಂಜೆ ಕೊಳವೆಯನ್ನು ಕೆಳಗಿಳಿಸಿ, ಕ್ಯಾಮೆರಾವನ್ನು ಬಿಚ್ಚಿ ತೆಗೆದು, ಗಾಜು ಒರೆಸಿ, ಪಂಜೆಯಲ್ಲಿ ಸುತ್ತಿ ಬಾಗಿಲ ಪಕ್ಕ ಇಟ್ಟ. ನಾನು ರೊಟ್ಟಿ ಬಡಿದೆ. ಅವನು ಉಂಡು ಮಲಗಿದ. ಆ ದಿನದಲ್ಲಿ ಇಷ್ಟೇ ಇತ್ತು.

ಮರುದಿನ ಹೊತ್ತು ಮೂಡುವ ಮುಂಚೆ ಅವನು ಬಸ್ಸಿಗೆ ಹೋದ. ನಾನು ಬೈಂಡಿಂಗ್ ಕೆಲಸಕ್ಕೆ ಹೋದೆ. ಮಧ್ಯಾಹ್ನ ಚಾಚಾ ಅಲ್ಲಿಗೆ ಬಂದರು. ಅವರು ಅಲ್ಲಿಗೆ ಯಾವತ್ತೂ ಬಂದವರಲ್ಲ. ಅವರ ಅಂಗಡಿಯ ಫೋನಿಗೆ ಖಬರ ಬಂದಿತ್ತು. ಅಣ್ಣನಿಗೆ ಆರಾಮಿಲ್ಲ ಎಂದಷ್ಟೇ ಹೇಳಿದರು. ನಾನು ಕೈಗೆ ಹತ್ತಿದ್ದ ಅಂಟನ್ನು ತೊಳೆದುಕೊಂಡೆ. ಉಗುರಿನ ಸಂದಿಯದೂ ಹೋಗುವ ತನಕ ತೊಳೆದೆ. ಚಾಚಾ ಬಾಗಿಲಲ್ಲಿ ನಿಂತಿದ್ದರು, ಬೇಗ ಎನ್ನಲಿಲ್ಲ. ಆಗಲೇ ನನಗೆ ತಿಳಿಯಿತು.

ಲಕ್ಷ್ಮೇಶ್ವರದ ಆಚೆ ಹೊಲದಲ್ಲಿ, ಕ್ಯಾಮೆರಾ ಇಳಿಬಿಟ್ಟು ಟಿ.ವಿ. ಮುಂದೆ ಕುಳಿತಿದ್ದವನು ಹಾಗೆಯೇ ಪಕ್ಕಕ್ಕೆ ಒರಗಿದನಂತೆ. ಎದೆ ನಿಂತಿತ್ತು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ದವಾಖಾನೆಗೆ ಹೋಗುವುದರೊಳಗೆ ಮುಗಿದಿತ್ತು.

ನಾನು ಅಳಲಿಲ್ಲ. ಮನೆಗೆ ಬಂದವರು ಅಳಿಸಲು ನೋಡಿದರು. ಅಳದಿದ್ದರೆ ಎದೆಯಲ್ಲಿ ಕೂರುತ್ತದೆ ಎಂದರು. ಮಣ್ಣು ಮಾಡಿ ಬಂದ ಮೇಲೆ ಬ್ಯಾರೆಲ್ಲಿನ ಗ್ರೀಸ್ ನೀರಿನಲ್ಲೇ ಅಂಗಳ ತೊಳೆದೆವು. ಬೇರೆ ನೀರು ಮುಗಿದಿತ್ತು.

ದಿನಗಳು ಹೋದ ಮೇಲೆ ಚಾಚಾ ಅಣ್ಣನ ಸಾಮಾನು ತಂದರು. ಮುಕ್ಕಾಲಿ, ಖಾಲಿ ಚಕ್ರ, ಟಿ.ವಿ., ಊಟದ ಡಬ್ಬಿ. ಡಬ್ಬಿಯನ್ನು ಯಾರೋ ತೊಳೆದು ಕಳಿಸಿದ್ದರು. ಕ್ಯಾಮೆರಾ ಇರಲಿಲ್ಲ. ಅಣ್ಣನನ್ನು ಎತ್ತಲು ಜನ ಓಡಿದಾಗ ಯಾರದೋ ಕಾಲು ತಾಗಿ ಮುಕ್ಕಾಲಿ ಬಿದ್ದಿತ್ತು. ಚಕ್ರ ತಾನಾಗಿ ತಿರುಗಿ ಕೇಬಲ್ಲೆಲ್ಲ ಬೋರಿನೊಳಗೆ ಹೋಗಿ, ಟಿ.ವಿ.ಯಿಂದಲೂ ಕಿತ್ತುಕೊಂಡಿತ್ತು.

ನನಗೆ ಆ ಕ್ಯಾಮೆರಾ ಬೇಕಿತ್ತು. ಅದೊಂದು ಸಿಕ್ಕರೆ ಕೊಳವೆ ಪೂರ್ತಿಯಾಗುತ್ತದೆ, ಚಾಚಾ ಟ್ಯಾಂಕನ್ನು ಟ್ರ್ಯಾಕ್ಟರಿನಲ್ಲಿ ಮುಂಡರಗಿ ಹೊಳೆಗೆ ಒಯ್ಯುತ್ತಾರೆ, ಒಂದು ಸಲ ನಾನು ಅದರಲ್ಲಿ ಕೂರುತ್ತೇನೆ. ಇಷ್ಟು ಮಾಡಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ. ಬೇರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಚಾಚಾಗೆ ಹೇಳಿದೆ. ಅವರು ಆಗಲಿ ಎಂದು ತಲೆ ಆಡಿಸಿದರು.

ಲಕ್ಷ್ಮೇಶ್ವರಕ್ಕೆ ಹೋದೆವು. ಹೊಲದ ಯಜಮಾನರು ವಯಸ್ಸಾದವರು. ಬೋರಿನ ಬಾಯಿಗೆ ಪರಾತ ಮುಚ್ಚಿ ಮೇಲೆ ಕಲ್ಲು ಹೇರಿ ಇಟ್ಟಿದ್ದರು. ಮೋಟಾರನ್ನು ಶೆಡ್ಡಿನಲ್ಲಿ ಹಾಗೆಯೇ ನಿಲ್ಲಿಸಿದ್ದರು. ಮೆಣಸಿನ ಗಿಡಗಳು ಸುತ್ತ ಬಾಡಿದ್ದವು.

"ನಿಮ್ಮಣ್ಣಾರು ನೀರು ತೋರಿಸಿ ಹ್ವಾದ್ರು ಯವ್ವಾ" ಎಂದರು. "ನಿಮ್ಮ ಸಾಮಾನು ಒಳಗ ಇರೂವಾಗ ಅದರ ಮ್ಯಾಲ ಮೋಟಾರ್ ಹ್ಯಾಂಗ ಇಳಸೂದು? ನೀವು ಬರಲಿ ಅಂತ ತಡದೀವಿ."

ಚಾಚಾ ಪಾತಾಳಗರಡಿ ತಂದಿದ್ದರು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು. ಬೋರಿನ ಬಾಯಿಯಲ್ಲಿ ಹಿಡಿಸುವ ಹಾಗೆ ಸಣ್ಣದಾಗಿ ತಾವೇ ಮಾಡಿದ್ದರು. ಹಗ್ಗಕ್ಕೆ ಕಟ್ಟಿ ಇಳಿಸಿದರು. ತುಂಬಾ ಹೊತ್ತು ಎತ್ತಿ ಇಳಿಸಿ ಮಾಡಿದ ಮೇಲೆ ಏನೋ ಹಿಡಿಯಿತು. ಕೇಬಲ್ಲಿನ ತುದಿ ಮೇಲೆ ಬಂತು. ಆಮೇಲೆ ಎಲ್ಲರೂ ಹಿಡಿದು ಜಗ್ಗಿದೆವು. ಸ್ವಲ್ಪ ಬಂದು ನಿಂತಿತು. ಮತ್ತೆ ಜಗ್ಗಿದರೆ ಕೇಬಲ್ ಬಿಗಿದು ನಾದ ಬರುತ್ತಿತ್ತು.

ಚಾಚಾ ಕೈ ಬಿಟ್ಟರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಬೇಟಾ, ಕ್ಯಾಮೆರಾ ಸೆಲಿ ಕೆಳಗ ಸಿಕ್ಕೇತಿ. ಅಲ್ಲೇ ಬಿಟ್ರ ಇವರು ಮೋಟಾರು ಮ್ಯಾಲ ಇಳಸಬಹುದು, ನೀರು ಬರತೈತಿ. ಆದ್ರ ಆಮ್ಯಾಗ ಅದು ಯಾವತ್ತೂ ಬರಂಗಿಲ್ಲ. ಇನ್ನೂ ಜಗ್ಗಿದ್ರ ಬಂದ್ರೂ ಬರಬಹುದು. ಇಲ್ಲಾ, ನಡುವ ಅಡ್ಡ ಸಿಕ್ಕು ಬೋರ ಕೆಟ್ಟೂ ಹೋಗಬಹುದು. ನೀ ಹೇಳು. ನೀ ಜಗ್ಗು ಅಂದ್ರ ಜಗ್ಗತೇನಿ."

ನಾನು ಯಜಮಾನರ ಹತ್ತಿರ ಹೋಗಿ, ಅಣ್ಣ ಕಡೆಗೆ ಏನಾದರೂ ಹೇಳಿದನೇ ಎಂದು ಕೇಳಿದೆ.

"ಟಿ.ವಿ. ನೋಡಕೋಂತ ಕುಂತಿದ್ರು. ಬಂತು ನೋಡ್ರಿ ಸೆಲಿ, ಎಡಕ್ಕಿಂದ ಬೀಳಾಕತ್ತೇತಿ ಅಂದ್ರು. ಆಮ್ಯಾಗ, ಅಲ್ಲಲ್ಲ, ಬಲಕ್ಕ ಅಂದ್ರು. ತಾವ ನಕ್ಕರು. ನನಗೂ ನಗು ಬಂತ್ರಿ. ಬೋರಿನಾಗ ಎಡಾ ಯಾವ್ದು, ಬಲಾ ಯಾವ್ದು? ಎಲ್ಲಾ ದುಂಡಗ ಐತಿ. ನಾ ಹಂಗ ಕೇಳಬೇಕು ಅನ್ನೂದ್ರಾಗ ಅವರು ಒರಗಿದ್ರು."

ಹಿಂದಿನ ದಿನದ ಎಡ ಬಲದ ವಾದವನ್ನು ಅವರಿಗೆ ನಾನು ವಿವರಿಸಲಿಲ್ಲ. ಚಾಚಾ ಆ ಕಡೆ ತಿರುಗಿ ನಿಂತಿದ್ದರು. ಕೇಬಲ್ಲಿನ ತುದಿ ನೆಲದ ಮೇಲೆ ಬಿದ್ದಿತ್ತು.

"ಮೋಟಾರು ಇಳಸ್ರಿ" ಎಂದೆ.

ಚಾಚಾ ಕೇಬಲ್ಲನ್ನು ಕತ್ತರಿಸಲಿಲ್ಲ. ನಿಧಾನವಾಗಿ ಕೈಯಿಂದ ಬಿಟ್ಟರು. ಅದು ತಾನಾಗಿ ಒಳಗೆ ಹೋಯಿತು. ಆಮೇಲೆ ಯಜಮಾನರ ಮಕ್ಕಳೊಂದಿಗೆ ಸೇರಿ, ಪೈಪು ಜೋಡಿಸುತ್ತ ಜೋಡಿಸುತ್ತ, ಸೆಲೆಗಿಂತ ಮೇಲೆ ಮೋಟಾರನ್ನು ನಿಲ್ಲಿಸಿದರು. ಸ್ಟಾರ್ಟರ್ ಒತ್ತಿದರು. ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿಯಾಯಿತು. ಯಜಮಾನರು ಒಂದು ತಂಬಿಗೆ ತುಂಬಿ ನನ್ನ ಕೈಗೆ ಕೊಟ್ಟರು. ಕುಡಿದೆ. ತಣ್ಣಗಿತ್ತು. ರುಚಿ ನೆನಪಿಲ್ಲ.

ಬೇರೆ ಕ್ಯಾಮೆರಾ ತರೋಣವೆಂದು ಚಾಚಾ ಬಸ್ಸಿನಲ್ಲಿ ಒಮ್ಮೆ ಹೇಳಿದರು. ನಾನು ಬೇಡವೆಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಮುಂದಿನ ವಾರ ಒಂದು ಹೊಸ ಕನ್ನಡಿ ತಂದರು, ಅಪ್ಪನ ಕನ್ನಡಿಯ ಅಳತೆಗೇ ಕೊಯ್ಯಿಸಿದ್ದು. "ಎರಡನೇದ್ದು. ಅಂವ ಹಾಕೂಣು ಅಂದಿದ್ದ" ಎಂದು ಕಟ್ಟೆಯ ಮೇಲೆ ಇಟ್ಟು ಹೋದರು. ಅದನ್ನು ಅಡಿಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದೇನೆ. ಕೊಳವೆಗೆ ಹಾಕಿಲ್ಲ.

ಕೊಳವೆ ಮತ್ತೆ ಬೆಳಕಿಂಡಿಯಲ್ಲಿ ನಿಂತಿದೆ. ಕೆಲಸವಿಲ್ಲದ ಹೊತ್ತಿನಲ್ಲಿ ಕುಣಿಯಲ್ಲಿ ಇಳಿದು, ತಲೆ ಎತ್ತಿ, ಬುಡದಿಂದ ಬರಿಗಣ್ಣಿನಲ್ಲೇ ನೋಡುತ್ತೇನೆ. ಕನ್ನಡಿಯಲ್ಲಿ ಓಣಿ ಸಣ್ಣದಾಗಿ ಕಾಣುತ್ತದೆ. ಎಮ್ಮೆ ಬಲಕ್ಕೆ ಹೋಗುತ್ತದೆ. ಕಿರಾಣಿ ಅಂಗಡಿಯವರು ಬೋರ್ಡು ಹೊಸದು ಬರೆಸಿದ್ದಾರೆ, ಈಗ ಅದರಲ್ಲಿ ಜಿಲ್ಲಾ ಗದಗ ಎಂದಿದೆ. ಅದನ್ನು ನಾನು ಬಲದಿಂದ ಓದುತ್ತೇನೆ.

ಟ್ಯಾಂಕು ಹಿತ್ತಲಲ್ಲೇ ಇದೆ. ಹೊಳೆಗೆ ಹೋಗಲಿಲ್ಲ. ಕೊಳವೆ ಹಾಯಬೇಕಾದ ತೂತನ್ನು ಚಾಚಾ ಮುಚ್ಚಿಕೊಟ್ಟಿದ್ದಾರೆ. ನಳ ಬಂದ ದಿನ ಮುಚ್ಚಳ ತೆಗೆದು, ಪೈಪು ಇಳಿಬಿಟ್ಟು, ಬಳಕೆಯ ನೀರನ್ನು ಅದರಲ್ಲಿ ತುಂಬಿಸುತ್ತೇನೆ. ಆಸನದ ಮೇಲೆ ನೀರು ಏರುತ್ತದೆ. ಹೊರಗಿನ ನೀರು ಒಳಗೆ ಬರಬಾರದೆಂದು ಬೆಸೆದದ್ದು, ಒಳಗಿನದನ್ನೂ ಹೊರಗೆ ಬಿಡುವುದಿಲ್ಲ. ಮುಂದಿನ ನಳದ ತನಕ ಸಾಕಾಗುತ್ತದೆ. ಅಕ್ಕಪಕ್ಕದವರೂ ಒಯ್ಯುತ್ತಾರೆ.

ಕೊಳವೆಯ ಒಳಗೆ, ಕನ್ನಡಿಯ ಕೆಳಗೆ, ಕ್ಯಾಮೆರಾ ಹಿಡಿಯಲು ಅಣ್ಣ ಎರಡು ಪಟ್ಟಿ ಬಡಿದಿದ್ದ. ಪಟ್ಟಿಗಳು ಇವೆ, ಅವುಗಳ ತಿರುಪುಗಳೂ ಇವೆ. ಕ್ಯಾಮೆರಾ ಇಲ್ಲ.